ಕಾಲು ಉಳಿಯದ ನರ್ತಕಿ: ತನಾಕ್ವಿಲ್ ಲೆ ಕ್ಲರ್ಕ್ ಮತ್ತು ನಂಬಿಕೆಯ ಎರಡು ಬಗೆ

1956ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡ ಯುರೋಪ್ ಪ್ರವಾಸದಲ್ಲಿದ್ದಾಗ ಅದರ ಪ್ರಧಾನ ನರ್ತಕಿ ತನಾಕ್ವಿಲ್ ಲೆ ಕ್ಲರ್ಕ್‌ಗೆ 27 ವರ್ಷ. ಕೋಪನ್‌ಹೇಗನ್ನಿನಲ್ಲಿ ಆಕೆಗೆ ಪೋಲಿಯೊ ತಗುಲಿತು. ಕಬ್ಬಿಣದ ಶ್ವಾಸಕೋಶವೆಂದೇ ಹೆಸರಾದ ಯಂತ್ರದೊಳಗೆ ಮಲಗಿ ಉಸಿರಾಡಬೇಕಾಯಿತು. ಕ್ರಮೇಣ ತೋಳುಗಳಿಗೆ ಚಲನೆ ಮರಳಿತು, ಕಾಲುಗಳಿಗೆ ಮರಳಲಿಲ್ಲ. ಪೋಲಿಯೊ ತಡೆಯುವ ಸಾಲ್ಕ್ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು ಅದರ ಹಿಂದಿನ ವರ್ಷ, ಆಕೆ ಹಾಕಿಸಿಕೊಂಡಿರಲಿಲ್ಲ.

ಈ ಘಟನೆಯನ್ನು ವಿಧಿಲಿಖಿತವೆಂಬಂತೆ ಹೇಳುವ ರೂಢಿಯೊಂದು ಬೆಳೆದಿದೆ. ಅದಕ್ಕೆ ಆಧಾರ 1946ರ ಒಂದು ಸಹಾಯಾರ್ಥ ಪ್ರದರ್ಶನ. ಮುಂದೆ ಆ ತಂಡದ ನೃತ್ಯಸಂಯೋಜಕನಾದ ಜಾರ್ಜ್ ಬಾಲಂಚಿನ್ ಪೋಲಿಯೊ ನಿಧಿಗಾಗಿ ರಚಿಸಿದ ಕಿರುನೃತ್ಯದಲ್ಲಿ ಕಪ್ಪು ಉಡುಪಿನ ರೋಗವಾಗಿ ಬಂದವನು ಆತನೇ. ರೋಗ ತಾಕಿ ಕುಸಿಯುವ ಹುಡುಗಿ, ಆಗಿನ್ನೂ ಹದಿಹರೆಯದ ಲೆ ಕ್ಲರ್ಕ್. ಮಕ್ಕಳು ಎಸೆದ ನಾಣ್ಯಗಳಿಂದ ಅವಳು ಎದ್ದು ಕುಣಿಯುತ್ತಾಳೆ. 1952ರಲ್ಲಿ ಇಬ್ಬರೂ ಮದುವೆಯಾದರು. ಪೋಲಿಯೊ ಬಂದ ಮೇಲೆ ಆ ಹಳೆಯ ನೃತ್ಯ ಬಾಲಂಚಿನ್‌ನನ್ನು ಕಾಡಿತು. ಆತ ಆರ್ಥೊಡಾಕ್ಸ್ ಕ್ರೈಸ್ತ, ಶಕುನಗಳನ್ನು ನಂಬುವವನು. ಹೆಂಡತಿ ಮತ್ತೆ ನಡೆದಾಳೆಂದು ಸುಮಾರು ಒಂದು ವರ್ಷ ತಂಡದ ಕೆಲಸ ಬಿಟ್ಟು ಪಕ್ಕದಲ್ಲಿದ್ದ, ತಾನೇ ವ್ಯಾಯಾಮಗಳನ್ನು ರೂಪಿಸಿ ಮಾಡಿಸಿದ. ಆತ ಮರಳಿ ಬಂದು 1957ರಲ್ಲಿ ರಂಗಕ್ಕೆ ತಂದ 'ಅಗಾನ್' ಕೃತಿಯ ಜೋಡಿನೃತ್ಯದಲ್ಲಿ ಗಂಡು ಹೆಣ್ಣಿನ ಕಾಲುಗಳನ್ನು ಎತ್ತಿ, ತಿರುಗಿಸಿ, ಇಡುವುದನ್ನು ಕಂಡವರು ಆ ವ್ಯಾಯಾಮಗಳನ್ನು ನೆನೆಯುತ್ತಾರೆ. ಊಹೆ ಆಕರ್ಷಕವೇ. ಆದರೆ ಅದರಲ್ಲಿಯೂ ಲೆ ಕ್ಲರ್ಕ್ ಬೇರೆಯವರ ಕಲೆಗೆ ಒದಗಿದ ವಸ್ತು ಮಾತ್ರ. ಆಕೆಯ ನಂಬಿಕೆಯ ವಿಚಾರಕ್ಕೆ ಶಕುನದ ಕತೆಯಿಂದ ಏನೂ ದಕ್ಕುವುದಿಲ್ಲ.

ಆಕೆ ಮುಂದೆ ಮಾಡಿದ್ದನ್ನು ನೋಡಬೇಕು. 1964ರಲ್ಲಿ ಬಂದ ಪುಸ್ತಕ ಮನೆಯ ಬೆಕ್ಕು ಮೂರ್ಕಾದ 'ಆತ್ಮಕಥೆ'. ಬಾಲಂಚಿನ್ ನೆಗೆತ ಕಲಿಸಿದ್ದ ಆ ಬೆಕ್ಕು ಮಾರ್ಥಾ ಸ್ವೋಪ್ ತೆಗೆದ ಚಿತ್ರಗಳಲ್ಲಿ ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿದೆ. ಗಾಲಿಕುರ್ಚಿಯಲ್ಲಿ ಕೂತವಳು ನೆಗೆತದ ಬಗ್ಗೆ ಹಾಸ್ಯ ಬರೆಯುತ್ತಾಳೆ. ಇದನ್ನು ದುಃಖದ ಮರೆಮಾಚುವಿಕೆ ಎಂದು ಓದುವುದು ಸುಲಭ, ನನಗದು ಒಪ್ಪಿಗೆಯಿಲ್ಲ. ನೃತ್ಯ ತನ್ನ ವಿಷಯವಾಗಿ ಉಳಿದಿದೆ ಎಂಬ ಹಕ್ಕುಸ್ಥಾಪನೆ ಅಲ್ಲಿದೆ. ನರ್ತಕರ ಅಡುಗೆಗಳನ್ನು ಸಂಗ್ರಹಿಸಿದ ಆಕೆಯ ಮತ್ತೊಂದು ಪುಸ್ತಕಕ್ಕೂ ಈ ಮಾತು ಸಲ್ಲುತ್ತದೆ. 1969ರಲ್ಲಿ ವಿಚ್ಛೇದನವಾಯಿತು. ದಾಂಪತ್ಯ ಮುಗಿದ ಮೇಲೂ ಆಕೆಯ ಕೆಲಸ ಮುಂದುವರಿಯಿತು.

ಹೆಚ್ಚು ಗಮನಿಸಬೇಕಾದದ್ದು 1970ರ ದಶಕದ ಪಾಠಗಳನ್ನು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಮರುವರ್ಷ ಕಪ್ಪುವರ್ಣೀಯ ನರ್ತಕ ಆರ್ಥರ್ ಮಿಚೆಲ್ ಕಟ್ಟಿದ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್‌ನಲ್ಲಿ ಆಕೆ ಗಾಲಿಕುರ್ಚಿಯಿಂದಲೇ ಕಲಿಸಿದಳು. ಕೈ ಮತ್ತು ತೋಳುಗಳೇ ಪಾದ ಮತ್ತು ಕಾಲುಗಳಾದವು: ಅಂಗೈ ಬಾಗಿದರೆ ಪಾದದ ಬಾಗು, ತೋಳು ಚಾಚಿದರೆ ಕಾಲಿನ ಚಾಚು. ನಮ್ಮ ಶಾಸ್ತ್ರೀಯ ನೃತ್ಯದಲ್ಲಿ ಕೂತು ಮಾಡುವ ಅಭಿನಯಕ್ಕೆ ಗೌರವದ ಸ್ಥಾನವಿದೆ. ಪದ, ಜಾವಳಿಗಳಿಗೆ ನರ್ತಕಿ ಎದ್ದು ನಿಲ್ಲಲೇಬೇಕೆಂದಿಲ್ಲ. ಬ್ಯಾಲೆಯ ಪರಂಪರೆಯಲ್ಲಿ ಅಂಥ ಪೀಠ ಇರಲಿಲ್ಲವಾದ್ದರಿಂದ ಆಕೆ ಅದನ್ನು ತಾನೇ ಮಾಡಿಕೊಳ್ಳಬೇಕಾಯಿತು. ಬಾಲಂಚಿನ್‌ನ ನಂಬಿಕೆ ಕಾಲುಗಳು ಮರಳಿ ಬರುವುದರ ಮೇಲೆ ನಿಂತಿತ್ತು. ಆಕೆಯ ವಿದ್ಯೆಗೆ ಕಾಲುಗಳ ಮರಳುವಿಕೆ ಬೇಕಿರಲಿಲ್ಲ; ಕೈಯ ಚಲನೆಯನ್ನು ಕಾಲಿನದಾಗಿ ಓದಬಲ್ಲ ವಿದ್ಯಾರ್ಥಿಗಳು ಎದುರಿಗಿದ್ದರೆ ಸಾಕಿತ್ತು.