ಆಗಮನಕಾಲದ ಚಿತ್ತಶುದ್ಧಿ: ಸರಗೊಸ್ಸದ ವಿಧಿಯಿಂದ ಬರ್ನಾರ್ಡನ ಉಪದೇಶದವರೆಗೆ

ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಗೆ ಪಾಶ್ಚಾತ್ಯ ಕ್ರೈಸ್ತ ಸಂಪ್ರದಾಯದಲ್ಲಿ ‘ಅಡ್ವೆಂಟ್’ ಎಂದು ಹೆಸರು. ಕನ್ನಡ ಕ್ರೈಸ್ತರು ಇದನ್ನು ಆಗಮನಕಾಲವೆಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯ ‘ಅಡ್ವೆಂಟಸ್’ ಎಂಬ ಮೂಲಪದಕ್ಕೆ ಬರವು ಎಂಬುದೇ ಅರ್ಥವಾದರೂ ರೋಮನ್ ಸಾಮ್ರಾಜ್ಯದಲ್ಲಿ ಅದಕ್ಕೊಂದು ವಿಶಿಷ್ಟವಾದ ರಾಜಕೀಯ ಪ್ರಯೋಗವಿದ್ದಿತು. ಚಕ್ರವರ್ತಿಯು ನಗರವೊಂದನ್ನು ವಿಧ್ಯುಕ್ತವಾಗಿ ಪ್ರವೇಶಿಸುವ ಸಮಾರಂಭವನ್ನು ಆ ಪದ ಸೂಚಿಸುತ್ತಿತ್ತು. ಅಂತಹ ಪ್ರವೇಶಗಳ ಸ್ಮಾರಕವಾಗಿ ಅಚ್ಚು ಹಾಕಿಸಿದ ನಾಣ್ಯಗಳು ಹಲವು ದೊರೆತಿವೆ. ಅರಸನು ಬರುವನೆಂದರೆ ಊರು ಅಣಿಯಾಗಬೇಕು. ಧರ್ಮಸಭೆಯು ಈ ಪದವನ್ನು ತನ್ನದಾಗಿಸಿಕೊಂಡಾಗ, ಅಣಿಮಾಡಬೇಕಾದ ನಗರವು ಭಕ್ತನ ಹೃದಯವೇ ಎಂದು ಬೋಧಿಸಿತು. ಆದರೆ ಹೃದಯದ ಸಿದ್ಧತೆಯನ್ನು ಹೊರಗಿನವರು ಕಾಣುವುದೆಂತು? ಅದಕ್ಕೆ ವಿಧಿನಿಷೇಧಗಳನ್ನು ಗೊತ್ತುಪಡಿಸುವ ಅಧಿಕಾರ ಯಾರದು? ಈ ಪ್ರಶ್ನೆಗಳು ಆಗಮನಕಾಲದ ಇತಿಹಾಸದ ಆರಂಭದಲ್ಲಿಯೇ ಎದ್ದವು. ಅವು ಎದ್ದ ಸಂದರ್ಭದಲ್ಲಿ ರಕ್ತವೂ ಹರಿಯಿತು.

ಆಗಮನಕಾಲವು ಮೊದಲು ಕಠಿಣವಾದ ಉಪವಾಸವಾಗಿದ್ದು ಕ್ರಮೇಣ ಅಂತರಂಗದ ಸಾಧನೆಯಾಗಿ ಮಾರ್ಪಟ್ಟಿತೆಂಬ ವಿವರಣೆ ಸಾಮಾನ್ಯವಾಗಿ ಕೇಳಬರುತ್ತದೆ. ದೇಹದಿಂದ ಮನಸ್ಸಿಗೆ, ಹೊರಗಿನಿಂದ ಒಳಗೆ ಎಂಬ ಈ ಸರಳರೇಖೆ ಆಕರ್ಷಕವಾಗಿದೆಯಾದರೂ ಆಧಾರಗಳು ಅದನ್ನು ಸಮರ್ಥಿಸುವುದಿಲ್ಲ. ಈ ಸಂಬಂಧದಲ್ಲಿ ಸಾಮಾನ್ಯವಾಗಿ ಉಲ್ಲೇಖಿಸಲ್ಪಡುವ ಅತಿ ಪ್ರಾಚೀನ ದಾಖಲೆಯಲ್ಲಿ ಉಪವಾಸದ ವಿಧಿಯೇ ಇಲ್ಲ.

ಆ ದಾಖಲೆಯು ಸ್ಪೇನ್ ದೇಶದ ಸರಗೊಸ್ಸ ನಗರದಲ್ಲಿ ಕ್ರಿ.ಶ. 380ರಲ್ಲಿ ಸೇರಿದ ಧರ್ಮಪರಿಷತ್ತಿನ ನಾಲ್ಕನೆಯ ವಿಧಿ. ಸ್ಪೇನ್ ಮತ್ತು ಅಕ್ವಿಟೇನ್ ಪ್ರಾಂತಗಳ ಹನ್ನೆರಡು ಮಂದಿ ಬಿಷಪರು ಅಲ್ಲಿ ನೆರೆದಿದ್ದರು. ಡಿಸೆಂಬರ್ 17ರಿಂದ ಜನವರಿ 6ರ ಪ್ರಭುಪ್ರಕಟನೆಯ ಹಬ್ಬದವರೆಗೆ, ಎಡೆಬಿಡದೆ 21 ದಿನ, ಯಾರೊಬ್ಬರೂ ದೇವಾಲಯಕ್ಕೆ ಬಾರದೆ ಇರಕೂಡದೆಂದು ಅವರು ಆಜ್ಞಾಪಿಸಿದರು. ಆ ದಿನಗಳಲ್ಲಿ ಮನೆಯಲ್ಲಿ ಅಡಗಿರುವುದು, ಹಳ್ಳಿಯ ತೋಟದ ಮನೆಗೆ ಹೋಗಿ ಕುಳಿತಿರುವುದು, ಬೆಟ್ಟಗಳನ್ನು ಸೇರುವುದು, ಬರಿಗಾಲಿನಲ್ಲಿ ನಡೆಯುವುದು, ಇವೆಲ್ಲ ನಿಷಿದ್ಧವಾದವು. ವಿಧಿಯಲ್ಲಿ ಕ್ರಿಸ್ತಜಯಂತಿಯ ಹೆಸರಿಲ್ಲ. ಡಿಸೆಂಬರ್ 25ರ ಹಬ್ಬವು ರೋಮಿನಲ್ಲಿ 336ರ ವೇಳೆಗೆ ಆಚರಣೆಯಲ್ಲಿದ್ದುದು 354ರ ಪಂಚಾಂಗ ಸಂಕಲನದಿಂದ ತಿಳಿದುಬರುತ್ತದೆಯಾದರೂ ಸರಗೊಸ್ಸದ ಬಿಷಪರು ದಿನಗಳನ್ನು ಎಣಿಸಿದುದು ಜನವರಿಯ ಹಬ್ಬದವರೆಗೆ. ಡಿಸೆಂಬರ್ 17 ರೋಮನರ ಸ್ಯಾಟರ್ನೇಲಿಯ ಉತ್ಸವದ ಮೊದಲ ದಿನವೂ ಹೌದು. ಆದರೆ ವಿಧಿಯು ಆ ಉತ್ಸವವನ್ನು ಹೆಸರಿಸದ ಕಾರಣ ಇದರ ಮೇಲೆ ಹೆಚ್ಚಿನ ವಾದವನ್ನು ಕಟ್ಟುವುದು ಯುಕ್ತವಲ್ಲ. ನಮ್ಮ ನಾಡಿನ ಧನುರ್ಮಾಸವೂ ಅದೇ ದಿನಗಳಲ್ಲಿ ಆರಂಭವಾಗುವುದನ್ನು ವಿದ್ಯಾರ್ಥಿಗಳು ಗಮನಿಸಿಯಾರು. ಕಾಲಸಾಮ್ಯವನ್ನು ಸಂಬಂಧವೆಂದು ಭಾವಿಸಬಾರದೆಂಬುದಕ್ಕೆ ಅದೊಂದು ಒಳ್ಳೆಯ ನಿದರ್ಶನ.

ಬರಿಗಾಲಿನ ನಡಿಗೆಯಲ್ಲಿ ಬಿಷಪರು ಕಂಡ ಅಪಾಯವಾದರೂ ಏನು? ಬೆಟ್ಟದ ಏಕಾಂತವನ್ನು ಅರಸಿ ಹೋಗುವವನು ಚಿತ್ತಶುದ್ಧಿಗಾಗಿಯೇ ಹೋಗುವನಲ್ಲವೆ? ಇದಕ್ಕೆ ಉತ್ತರವು ಪ್ರಿಸಿಲಿಯನ್ ಎಂಬಾತನ ಚರಿತ್ರೆಯಲ್ಲಿದೆ. ಈತನು ಕುಲೀನನೂ ಧನಿಕನೂ ವಿದ್ಯಾವಂತನೂ ಆಗಿದ್ದು ಕಠೋರವಾದ ವೈರಾಗ್ಯವನ್ನು ಬೋಧಿಸುತ್ತಿದ್ದನು. ಸ್ತ್ರೀಪುರುಷರು ಅನೇಕರು ಅವನನ್ನು ಅನುಸರಿಸಿದರು. ಪರಿಷತ್ತಿನ ವಿಧಿಗಳಲ್ಲಿ ಅವನ ಹೆಸರಿಲ್ಲ. ಆದರೆ ಅವು ಅವನ ಅನುಯಾಯಿಗಳನ್ನು ಉದ್ದೇಶಿಸಿದವೆಂಬುದರಲ್ಲಿ ವಿದ್ವಾಂಸರಿಗೆ ಹೆಚ್ಚಿನ ಸಂದೇಹವಿಲ್ಲ. ಭಾನುವಾರ ಉಪವಾಸ ಮಾಡಬಾರದು, ತಪಸ್ಸುಕಾಲದಲ್ಲಿ ಕೋಣೆಗಳಲ್ಲಿಯೂ ಬೆಟ್ಟಗಳಲ್ಲಿಯೂ ಅಡಗಬಾರದು ಎಂಬ ಎರಡನೆಯ ವಿಧಿಯೂ ಇದೇ ದಿಕ್ಕಿಗೆ ಕೈತೋರುತ್ತದೆ. ಹೀಗೆ ಬಿಷಪರ ಆಕ್ಷೇಪವಿದ್ದುದು ಸಾಧನೆಯ ಕೊರತೆಯ ವಿಷಯದಲ್ಲಲ್ಲ, ಸಮುದಾಯವನ್ನು ತೊರೆದು ನಡೆಸುವ ಸಾಧನೆಯ ವಿಷಯದಲ್ಲಿ. ಹಬ್ಬಕ್ಕೆ ಮುನ್ನ ಹೃದಯವು ಅಣಿಯಾಗಬೇಕಾದರೆ ಅದು ಎಲ್ಲರ ನಡುವೆ, ಒಂದೇ ಸೂರಿನಡಿಯಲ್ಲಿ ಅಣಿಯಾಗಬೇಕೆಂಬುದು ಅವರ ನಿಲುವು.

ಮುಂದಿನ ಘಟನೆಗಳು ಶೋಚನೀಯವಾಗಿವೆ. ಪ್ರಿಸಿಲಿಯನನನ್ನು ಅವನ ಪಕ್ಷದವರು ಆವಿಲದ ಬಿಷಪನನ್ನಾಗಿ ಮಾಡಿದರು. ವಿರೋಧಿಗಳು ಬಿಡಲಿಲ್ಲ. ವ್ಯಾಜ್ಯವು ಕೊನೆಗೆ ಟ್ರಿಯರ್ ನಗರದಲ್ಲಿದ್ದ ಚಕ್ರವರ್ತಿ ಮ್ಯಾಕ್ಸಿಮಸನ ಸನ್ನಿಧಿಗೆ ಹೋಯಿತು. ಮಾಟಗಾರಿಕೆಯ ಆಪಾದನೆಯ ಮೇಲೆ ಸುಮಾರು 385ರಲ್ಲಿ ಪ್ರಿಸಿಲಿಯನನಿಗೂ ಅವನ ಸಂಗಡಿಗರಲ್ಲಿ ಕೆಲವರಿಗೂ ಶಿರಚ್ಛೇದವಾಯಿತು. ಯೂಕ್ರೋಶಿಯ ಎಂಬ ಕುಲೀನ ಸ್ತ್ರೀಯೂ ಅವರಲ್ಲಿ ಒಬ್ಬಳು. ಪಾಷಂಡಮತದ ವ್ಯಾಜ್ಯದಲ್ಲಿ ಕ್ರೈಸ್ತ ಪ್ರಭುವಿನ ಆಜ್ಞೆಯಿಂದ ಕ್ರೈಸ್ತರು ಪ್ರಾಣ ತೆತ್ತ ಮೊದಲ ಪ್ರಸಂಗವೆಂದು ಇದನ್ನು ಪರಿಗಣಿಸಲಾಗಿದೆ.

ಈ ಪ್ರಸಂಗಕ್ಕೆ ನಮಗಿರುವ ಮುಖ್ಯ ಆಧಾರವು ಸಲ್ಪಿಶಿಯಸ್ ಸೆವೆರಸನ ಬರಹ. ಆತನು ಪ್ರಿಸಿಲಿಯನನ ಮಿತ್ರನಲ್ಲ. ಆದರೂ ಆಪಾದಕನಾದ ಬಿಷಪ್ ಇಥೇಶಿಯಸನು ಗ್ರಂಥಪಠನದಲ್ಲಿಯೂ ಉಪವಾಸದಲ್ಲಿಯೂ ಆಸಕ್ತರಾದ ಸಜ್ಜನರೆಲ್ಲರ ಮೇಲೆ ಪ್ರಿಸಿಲಿಯನನ ಶಿಷ್ಯರೆಂಬ ಆರೋಪ ಹೊರಿಸುತ್ತಿದ್ದನೆಂದು ಆತನು ಬರೆದಿದ್ದಾನೆ. ಶ್ರದ್ಧೆಯನ್ನು ಪರೀಕ್ಷಿಸುವ ಬದಲು ಮುಖದ ಬಿಳಿಚನ್ನೂ ಉಡುಪನ್ನೂ ನೋಡಿ ಜನರನ್ನು ಪಾಷಂಡಿಗಳೆಂದು ನಿರ್ಣಯಿಸುವ ದುಃಸ್ಥಿತಿ ಬಂದೊದಗಿತೆಂದೂ ಆತನು ಹೇಳುತ್ತಾನೆ. ಅಂತರಂಗವನ್ನು ಬಹಿರಂಗದ ಚಿಹ್ನೆಗಳಿಂದ ಅಳೆಯಹೊರಟವರು ಎಲ್ಲಿಗೆ ಮುಟ್ಟಬಲ್ಲರೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಾಕ್ಷ್ಯವು ಆ ಶತಮಾನದಲ್ಲಿ ವಿರಳ. ಇನ್ನೊಂದು ಮಾತು. 1885ರಲ್ಲಿ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದ ಗ್ರಂಥಭಂಡಾರದಲ್ಲಿ ಪ್ರಿಸಿಲಿಯನನ ಪಂಥಕ್ಕೆ ಸೇರಿದ ಹನ್ನೊಂದು ಪ್ರಬಂಧಗಳು ಪತ್ತೆಯಾದವು. ಅಲ್ಲಿಯವರೆಗೆ ಇತಿಹಾಸಕಾರರು ಬಹುಮಟ್ಟಿಗೆ ಪ್ರತಿಪಕ್ಷದವರ ಮಾತನ್ನೇ ಕೇಳುತ್ತಿದ್ದರು.

ಟ್ರಿಯರಿನಲ್ಲಿ ಈ ವಧೆಯನ್ನು ತಡೆಯಲು ಶ್ರಮಿಸಿದವನು ಟೂರ್ ನಗರದ ಬಿಷಪ್ ಮಾರ್ಟಿನ್. ಧರ್ಮದ ವಿವಾದದಲ್ಲಿ ರಕ್ತ ಸುರಿಸಬಾರದೆಂದು ಅವನು ಚಕ್ರವರ್ತಿಯನ್ನು ಬೇಡಿಕೊಂಡನು, ಮಾತು ನಡೆಯಲಿಲ್ಲ. ಅನಂತರ ಸ್ಪೇನಿಗೆ ದಂಡಾಧಿಕಾರಿಗಳನ್ನು ಕಳುಹಿಸಿ ಉಳಿದವರನ್ನೂ ಹಿಡಿಸುವ ಯೋಚನೆ ನಡೆದಾಗ, ಅವರ ಪ್ರಾಣವುಳಿಸುವ ಸಲುವಾಗಿ ಮಾರ್ಟಿನನು ಇಥೇಶಿಯಸನ ಪಕ್ಷದವರೊಡನೆ ಒಂದು ದಿನದ ಮಟ್ಟಿಗೆ ಸಹಭಾಗಿಯಾದನು. ಆ ವ್ಯಥೆಯಿಂದ ಅವನು ಬದುಕಿರುವವರೆಗೂ ಬಿಷಪರ ಯಾವ ಸಭೆಗೂ ಹೋಗಲಿಲ್ಲವೆಂದು ಸಲ್ಪಿಶಿಯಸನು ತಿಳಿಸುತ್ತಾನೆ. ಮಾರ್ಟಿನನು ತೀರಿಕೊಂಡುದು 397ರಲ್ಲಿ. ಅವನ ಸಮಾಧಿಯ ದಿನವಾದ ನವೆಂಬರ್ 11 ಗಾಲ್ ದೇಶದಲ್ಲೆಲ್ಲ ಪರ್ವದಿನವಾಯಿತು.

ಆ ಪರ್ವದಿನದಿಂದಲೇ ಮುಂದಿನ ಶತಮಾನದ ವ್ರತಗಣನೆ ಮೊದಲಾಯಿತೆಂಬುದು ಗಮನಾರ್ಹ. ಐದನೆಯ ಶತಮಾನದ ಉತ್ತರಾರ್ಧದಲ್ಲಿ ಟೂರ್ ನಗರದ ಬಿಷಪನಾಗಿದ್ದ ಪರ್ಪೆಟ್ಯೂಅಸನು ಮಾರ್ಟಿನನ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ವಾರಕ್ಕೆ ಮೂರು ದಿನ ಉಪವಾಸವನ್ನು ಗೊತ್ತುಪಡಿಸಿದನೆಂದು, ಅದೇ ಪೀಠದಲ್ಲಿ ಮುಂದೆ ಕುಳಿತ ಇತಿಹಾಸಕಾರ ಗ್ರೆಗೊರಿಯು ದಾಖಲಿಸಿದ್ದಾನೆ. 567ರ ಟೂರ್ ಪರಿಷತ್ತು ಸನ್ಯಾಸಿಗಳಿಗೆ ಡಿಸೆಂಬರಿನಲ್ಲಿ ಹಬ್ಬದವರೆಗೆ ಪ್ರತಿದಿನವೂ ಉಪವಾಸವನ್ನು ವಿಧಿಸಿತು. 580ರ ದಶಕದ ಆರಂಭದಲ್ಲಿ ಮಾಕೋನ್ ಪರಿಷತ್ತು ಸೋಮವಾರ, ಬುಧವಾರ, ಶುಕ್ರವಾರಗಳನ್ನು ಹೆಸರಿಸಿ ನಿಯಮವನ್ನು ಇನ್ನಷ್ಟು ಖಚಿತಗೊಳಿಸಿತು. ಇದಕ್ಕೆ ಕಾಲಾನಂತರದಲ್ಲಿ ಸಂತ ಮಾರ್ಟಿನನ ತಪಸ್ಸುಕಾಲವೆಂಬ ಹೆಸರು ಬಂದಿತು. ಉಪವಾಸಿಗಳೆಂಬ ಸಂದೇಹಕ್ಕೆ ಗುರಿಯಾದವರ ಪರವಾಗಿ ಮಾತಾಡಿದವನ ಹಬ್ಬವೇ ಸಾರ್ವಜನಿಕ ಉಪವಾಸಕ್ಕೆ ದ್ವಾರವಾದುದನ್ನು ಕಾರ್ಯಕಾರಣಸಂಬಂಧವೆಂದು ಹೇಳಲಾಗದು. ಆದರೂ ಒಂದು ಶತಮಾನದಲ್ಲಿ ಶಂಕಾಸ್ಪದವಾಗಿದ್ದ ನಡತೆಯು ಮುಂದಿನ ಶತಮಾನದಲ್ಲಿ ಎಲ್ಲರ ಕರ್ತವ್ಯವಾದುದು ಸತ್ಯ. ಅದು ಎಲ್ಲರದಾದುದರಿಂದಲೇ ನಿರಪಾಯವಾಯಿತೆಂದು ಪ್ರಸ್ತುತ ಲೇಖಕನ ಅಭಿಪ್ರಾಯ.

ರೋಮಿನ ಮಾರ್ಗ ಬೇರೆ. ನಾಲ್ಕು ಭಾನುವಾರಗಳ ಕ್ರಮವು ಪೋಪ್ ಗ್ರೆಗೊರಿಯ (590–604) ಕಾಲದ ಸುಮಾರಿಗೆ ಅಲ್ಲಿ ರೂಪುಗೊಂಡಿತೆಂದು ಹೇಳುವುದು ವಾಡಿಕೆ. ಮಿಲಾನಿನ ಸಂಪ್ರದಾಯದಲ್ಲಿ ಇಂದಿಗೂ ಆರು ಭಾನುವಾರಗಳಿವೆ. ಟೈಬರ್ ನದಿಯ ಪ್ರವಾಹ, ಅದರ ಬೆನ್ನಿಗೇ ಹಿಂದಿನ ಪೋಪನನ್ನೇ ಬಲಿತೆಗೆದುಕೊಂಡ ಮಹಾಮಾರಿ, ಇವುಗಳಿಂದ ತತ್ತರಿಸಿದ್ದ ನಗರದಲ್ಲಿ ಗ್ರೆಗೊರಿಯು ಆಗಮನಕಾಲದ ಉಪದೇಶಕ್ಕೆ ಆರಿಸಿಕೊಂಡ ವಿಷಯ ಲೋಕಾಂತ್ಯದ ಸೂಚನೆಗಳು. ಕೆಲವೇ ದಿನಗಳ ಹಿಂದೆ ಬೀಸಿದ ಬಿರುಗಾಳಿಗೆ ಹಳೆಯ ಮರಗಳೂ ಮನೆಗಳೂ ದೇವಾಲಯಗಳೂ ಉರುಳಿದುದನ್ನು ಅವನು ಶ್ರೋತೃಗಳಿಗೆ ನೆನಪಿಸುತ್ತಾನೆ. ಗಾಲ್ ದೇಶದವರು ಶಿಶುವಿನ ಜನನಕ್ಕಾಗಿ ಉಪವಾಸವಿದ್ದರೆ ರೋಮಿನವರು ನ್ಯಾಯಾಧಿಪತಿಯ ಬರವನ್ನು ಎದುರುನೋಡುತ್ತಿದ್ದರು. ಒಂದೇ ಋತುವಿನಲ್ಲಿ ಎರಡು ಬಗೆಯ ನಿರೀಕ್ಷೆಗಳು ಕೂಡಿಕೊಂಡವು.

ಇಲ್ಲಿಯೇ ತಾತ್ವಿಕ ತೊಡಕೊಂದು ತಲೆದೋರಿತು. ಒಂದು ಬರವು ಆಗಿಹೋದ ಸಂಗತಿ. ಇನ್ನೊಂದು ಎಂದು ಬರುವುದೋ ತಿಳಿಯದು. ಹೀಗಿರಲು ಈ ವರ್ಷದ ಈ ನಾಲ್ಕು ವಾರಗಳಲ್ಲಿ ಸಾಧಕನು ಯಾವುದಕ್ಕಾಗಿ ಅಣಿಯಾಗಬೇಕು? ಇದಕ್ಕೆ ಸಮರ್ಪಕವಾದ ಉತ್ತರ ಕೊಟ್ಟವನು ಕ್ಲೇರ್ವೋ ಮಠದ ಅಧಿಪತಿ ಬರ್ನಾರ್ಡ್ (1090–1153). ತನ್ನ ಆಗಮನಕಾಲದ ಉಪದೇಶಗಳಲ್ಲಿ ಅವನು ಮೂರು ಬರವುಗಳನ್ನು ಹೇಳುತ್ತಾನೆ. ಮೊದಲನೆಯದು ದೇಹಧಾರಣೆಯ ದೌರ್ಬಲ್ಯದಲ್ಲಿ, ಕೊನೆಯದು ಮಹಿಮೆಯಲ್ಲಿ, ಅವೆರಡೂ ಪ್ರಕಟ. ನಡುವಣದು ಗುಪ್ತವಾದುದು. ಅದು ಸಾಧಕನ ಒಳಗೆ ಆತ್ಮರೂಪದಲ್ಲಿ ನಡೆಯುವ ಬರವು. ಮೊದಲನೆಯದರಿಂದ ಕೊನೆಯದರ ಕಡೆಗೆ ಒಯ್ಯುವ ದಾರಿ. ಪ್ರಥಮ ಉಪದೇಶದಲ್ಲಿ ಅವನು, ದೇವರನ್ನು ಎದುರುಗೊಳ್ಳಲು ಕಡಲು ದಾಟಬೇಕಾಗಿಲ್ಲ, ಮೋಡಗಳನ್ನು ಭೇದಿಸಬೇಕಾಗಿಲ್ಲ, ಪರ್ವತಗಳನ್ನು ಹಾಯಬೇಕಾಗಿಲ್ಲ, ತನ್ನವರೆಗೆ ತಾನು ನಡೆದರೆ ಸಾಕು ಎಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾನೆ. ಬೆಟ್ಟಕ್ಕೆ ಹೋಗಬೇಡಿರೆಂದು ಸರಗೊಸ್ಸದ ಬಿಷಪರು ಗದರಿಸಿದ್ದರು; ಬರ್ನಾರ್ಡನು ಬೆಟ್ಟವನ್ನೇ ಅನಾವಶ್ಯಕಗೊಳಿಸಿದನು. ಈ ಮಾತುಗಳನ್ನು ಅವನು ನುಡಿದುದು ಏಕಾಂತವಾಸಿಗಳಿಗಲ್ಲ, ಒಂದೇ ನಿಯಮದಡಿ ಒಟ್ಟಿಗೆ ಬಾಳುವ ಸನ್ಯಾಸಿಗಳ ಸಮೂಹಕ್ಕೆ ಎಂಬುದನ್ನು ಮರೆಯಲಾಗದು. ಅವನೇ 1146ರಲ್ಲಿ ವೆಜಲೇ ಎಂಬಲ್ಲಿ ಎರಡನೆಯ ಧರ್ಮಯುದ್ಧಕ್ಕೆ ಕರೆಕೊಟ್ಟು ಸಹಸ್ರಾರು ಜನರನ್ನು ಪರ್ವತಗಳಾಚೆಗೆ, ಕಡಲಾಚೆಗೆ ಕಳುಹಿಸಿದನೆಂಬುದನ್ನೂ ಇತಿಹಾಸಕಾರನು ಮರೆಯಲಾರ.

ಅನಂತರದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಉಪವಾಸದ ನಿಯಮವು ಪಶ್ಚಿಮದಲ್ಲಿ ಸಡಿಲುತ್ತ ಬಂದು 1917ರ ಧರ್ಮನಿಯಮಸಂಹಿತೆಯ ಹೊತ್ತಿಗೆ ಕೆಲವೇ ನಿಯತ ದಿನಗಳಿಗೂ ಹಬ್ಬದ ಮುನ್ನಾದಿನಕ್ಕೂ ಸೀಮಿತವಾಯಿತು. ಪೂರ್ವದ ಸಂಪ್ರದಾಯಗಳು ಅಷ್ಟು ಸುಲಭವಾಗಿ ಅದನ್ನು ಬಿಟ್ಟುಕೊಡಲಿಲ್ಲ. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಡಿಸೆಂಬರ್ ಒಂದರಿಂದ ಇಪ್ಪತ್ತೈದು ದಿನಗಳ ನೋಂಪು ಇಂದಿಗೂ ರೂಢಿಯಲ್ಲಿದೆ. ಅವರಲ್ಲಿ ಹಲವರು ದಕ್ಷಿಣ ಕನ್ನಡದಲ್ಲಿ ಬಂದು ನೆಲಸಿದುದರಿಂದ (ಬೆಳ್ತಂಗಡಿಯಲ್ಲಿ 1999ರಲ್ಲಿ ಅವರಿಗಾಗಿ ಪ್ರತ್ಯೇಕ ಧರ್ಮಪ್ರಾಂತವೇ ಸ್ಥಾಪಿತವಾಯಿತು) ಒಂದೇ ಜಿಲ್ಲೆಯಲ್ಲಿ ಆಗಮನಕಾಲದ ಎರಡು ಕ್ರಮಗಳು ಅಕ್ಕಪಕ್ಕದಲ್ಲಿ ನಡೆಯುತ್ತಿವೆ. ರೋಮನ್ ವಿಧಿಯಲ್ಲಿ 1969ರ ಪರಿಷ್ಕರಣವು ಆಗಮನಕಾಲವನ್ನು ಭಕ್ತಿಯ ಮತ್ತು ಹರ್ಷದ ನಿರೀಕ್ಷೆಯ ಕಾಲವೆಂದು ನಿರೂಪಿಸಿ, ಗ್ರೆಗೊರಿಯ ಲೋಕಾಂತ್ಯವನ್ನೂ ಗಾಲ್ ದೇಶದವರ ಜನನೋತ್ಸವವನ್ನೂ ಒಟ್ಟಿಗೆ ಉಳಿಸಿಕೊಂಡಿತು. ಹಬ್ಬದ ನೇರ ಸಿದ್ಧತೆಗೆ ಮೀಸಲಾದ ದಿನಗಳು ಅದರಲ್ಲಿ ಡಿಸೆಂಬರ್ 17ರಂದು ಮೊದಲಾಗುತ್ತವೆ. ಸರಗೊಸ್ಸದ ಬಿಷಪರು ಎಣಿಕೆ ತೊಡಗಿದುದೂ ಅದೇ ದಿನ. ನಡುವೆ ಅಖಂಡವಾದ ಪರಂಪರೆಯಿದೆಯೆಂದು ತೋರಿಸುವ ಆಧಾರಗಳಿಲ್ಲ.