ಉಳಿದಿರುವ ಒಂದು ಬಾಗಿಲು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಗಂಟುಬಿದ್ದರು. ನಾವು ಎಸ್.ಎಸ್.ಎಲ್.ಸಿ. ಓದಿದ ರೈತರು, ಲೇಖಕರಲ್ಲ. ಸಂಘದ ಲೆಕ್ಕಪತ್ರದ ವಿಚಾರ ವರದಿಯಲ್ಲಿ ಬಂದೇ ಬರುತ್ತದೆ. ಆದ್ದರಿಂದ ನಾವು ಬೆಂಗಳೂರಿನಲ್ಲಿ ಕಣ್ಣಾರೆ ಕಂಡ ಒಂದು ಕೋಟೆಯ ವಿಷಯ ಬರೆಯುತ್ತೇವೆ. ತಪ್ಪಿದ್ದರೆ ಸದಸ್ಯ ಬಾಂಧವರು ಮನ್ನಿಸಬೇಕು.

ಸಂಘದ ಕೆಲಸದ ಮೇಲೆ ನಾವು ನಾಲ್ವರು ಚಾಮರಾಜಪೇಟೆಯ ಅಪೆಕ್ಸ್ ಬ್ಯಾಂಕಿಗೆ ಹೋಗಿದ್ದೆವು. ಮಧ್ಯಾಹ್ನಕ್ಕೇ ಕೆಲಸ ಮುಗಿಯಿತು. ಊರಿನ ಬಸ್ಸು ಸಂಜೆಗೆ. ಮಾರ್ಕೆಟ್ಟಿನ ಕಡೆ ನಡೆದು ಹೋಗೋಣ ಅಂತ ಹೊರಟೆವು. ನಮ್ಮ ಹಿರಿಯ ನಿರ್ದೇಶಕರು, "ತರಗುಪೇಟೆಗೆ ರಾಗಿ, ಕಡ್ಲೆಕಾಯಿ ಹಾಕ್ಕೊಂಡು ಐವತ್ತು ಸಲ ಬಂದಿದೀನಿ ಕಣಪ್ಪ, ಪಕ್ಕದಲ್ಲೇ ಇರೋ ಕೋಟೆ ಒಳಗೆ ಒಂದು ದಿನಾನೂ ಕಾಲಿಟ್ಟಿಲ್ಲ" ಅಂದರು. ನಮ್ಮ ಕತೆಯೂ ಅದೇ. ಸರಿ, ಹೊಕ್ಕೆವು.

ಹೊರಗೆ ಬಸ್ಸು, ಆಟೋ, ಹೂವಿನ ಗಲಾಟೆ. ಬಾಗಿಲು ದಾಟಿದರೆ ಗಾಳಿಯೇ ಬೇರೆ. ಭಾರಿ ಕಲ್ಲುಗಳ ಗೋಡೆ, ಕಮಾನುಗಳು, ಒಳಗೊಂದು ಗಣಪತಿ ಗುಡಿ. ಇದನ್ನು ದೆಹಲಿ ಬಾಗಿಲು ಎನ್ನುತ್ತಾರೆ. ಹತ್ತು ನಿಮಿಷದಲ್ಲಿ ಸುತ್ತಿ ಬಂದೆವು. "ಇಷ್ಟೇನಾ?" ಎಂದು ಕಾರ್ಯದರ್ಶಿಗಳು ಕೇಳಿದರು. ಹೌದು, ಇಷ್ಟೇ. ಇದು ಇಷ್ಟೇ ಯಾಕಾಯಿತು ಅನ್ನುವುದೇ ಈ ಕೋಟೆಯ ಚರಿತ್ರೆ.

1537ರಲ್ಲಿ ಯಲಹಂಕ ನಾಡಪ್ರಭು ಕೆಂಪೇಗೌಡರು ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಪೇಟೆ ಹಾಕಿಸಿದರು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ ಎಂದು ಒಂದೊಂದು ಕಸುಬಿಗೆ ಒಂದೊಂದು ಬೀದಿ. ಬಾಗಿಲು ನಿಲ್ಲದೆ ಬೀಳುತ್ತಿದ್ದಾಗ ಸೊಸೆ ಲಕ್ಷ್ಮಮ್ಮ ಪ್ರಾಣ ಕೊಟ್ಟಳೆಂಬ ಕತೆ ನಮ್ಮಲ್ಲಿ ಹೆಂಗಸರೆಲ್ಲ ಬಲ್ಲರು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಊರನ್ನು ಗೆದ್ದ. ಶಿವಾಜಿಯ ತಂದೆ ಷಹಜಿಗೆ ಇದು ಜಹಗೀರಾಯಿತು. 1687ರಲ್ಲಿ ಮೊಗಲರ ಕೈಗೆ ಹೋಯಿತು. ಅವರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ಕೊಟ್ಟು ಬೆಂಗಳೂರನ್ನೇ ಕೊಂಡುಕೊಂಡರು! ಮೊನ್ನೆ ಮೊನ್ನೆಯವರೆಗೆ ಬಡ್ಡಿಯಿಲ್ಲದ ಬೆಳೆಸಾಲದ ಮಿತಿ ಅಷ್ಟೇ ಇತ್ತು ಎಂದು ನೆನೆದು ನಾವೆಲ್ಲ ನಕ್ಕೆವು. ಹತ್ತಿರದ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ ಆ ಒಡೆಯರ ಕಾಲದ್ದು.

ಮಣ್ಣಿನ ಕೋಟೆಯನ್ನು ಕಲ್ಲಿನದ್ದಾಗಿ ಮಾಡಿದವನು ಹೈದರಾಲಿ, 1761ರಲ್ಲಿ. ಮೂವತ್ತು ವರ್ಷಕ್ಕೆ ಅದರ ಪರೀಕ್ಷೆ ಬಂತು. 1791ರ ಮಾರ್ಚಿಯಲ್ಲಿ ಇಂಗ್ಲಿಷರ ಲಾರ್ಡ್ ಕಾರ್ನ್‌ವಾಲಿಸ್ ದೊಡ್ಡ ದಂಡು ತಂದ. ಮೊದಲು 7ನೇ ತಾರೀಖು ಪೇಟೆ ಬಿತ್ತು. ಆಮೇಲೆ ಎರಡು ವಾರ ಕೋಟೆಗೋಡೆಗೆ ಗುಂಡು ಹೊಡೆದು ಬಿರುಕು ಮಾಡಿ, 21ರ ರಾತ್ರಿ ಒಳನುಗ್ಗಿದರು. ಕಿಲ್ಲೇದಾರ ಬಹಾದೂರ್ ಖಾನ್ ಓಡಿಹೋಗಲಿಲ್ಲ. ಕಾದಾಡುತ್ತ ಅಲ್ಲೇ ಬಿದ್ದ. ದಾಳಿ ನಡೆದ ಜಾಗವೆಂದು ಗೋಡೆಯಲ್ಲಿ ಕಲ್ಲಿನ ಹಲಗೆ ಇಟ್ಟಿದ್ದಾರೆ. ಗೆದ್ದವರ ವಿಷಯ ಅದರಲ್ಲಿದೆ, ಸತ್ತ ಕಿಲ್ಲೇದಾರನ ಹೆಸರಿಲ್ಲ. ಈ ಕಾರ್ನ್‌ವಾಲಿಸನೇ 1781ರಲ್ಲಿ ಅಮೆರಿಕದವರಿಗೆ ಶರಣಾದವನು. 1793ರಲ್ಲಿ ಬಂಗಾಳದ ರೈತರ ತಲೆಯ ಮೇಲೆ ಜಮೀನ್ದಾರರನ್ನು ಖಾಯಂ ಕೂರಿಸಿದವನೂ ಇವನೇ.

ನಾಲ್ಕು ಹೆಜ್ಜೆ ಆಚೆ ಟಿಪ್ಪು ಸುಲ್ತಾನರ ಮರದ ಅರಮನೆ. ಹೈದರ್ ಶುರುಮಾಡಿದ್ದು, ಮುಗಿದದ್ದು ಅದೇ 1791ರಲ್ಲಿ. ಮುಂದೆ ಅದೇ ಸರ್ಕಾರದ ಕಚೇರಿಯಾಗಿ, 1868ರಲ್ಲಿ ಅಠಾರಾ ಕಚೇರಿ ಆಗುವತನಕ ನಡೆಯಿತು.

ಕೋಟೆ ಯುದ್ಧದಲ್ಲಿ ಪೂರಾ ಹೋಗಲಿಲ್ಲ, ಬಾಂಧವರೆ. ಶಾಂತಿಕಾಲದಲ್ಲಿ ಹೋಯಿತು. ರಸ್ತೆ ಬಂತು, ಶಾಲೆ ಬಂತು, ಆಸ್ಪತ್ರೆ ಬಂತು, ಗೋಡೆ ಅಡ್ಡವಾಯಿತು, ಒಡೆದರು. ಬಂದದ್ದೆಲ್ಲ ಒಳ್ಳೆಯದೇ. ನಮ್ಮೂರಿನ ಎಷ್ಟೋ ತಾಯಂದಿರು ವಾಣಿವಿಲಾಸ ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದಿದ್ದಾರೆ. ಆದರೆ ಹೋದ ಕಲ್ಲು ತಿರುಗಿ ಬರೋದಿಲ್ಲ.

ಅಲ್ಲಿ ಕಲ್ಲಿನ ಮೇಲೆ ಕುಂತು ಹಿರಿಯರು ಮೆಲ್ಲಗೆ, "ನಾವು ಮಾಡಿದ್ದೂ ಅದನ್ನೇ ಅಲ್ವೇನ್ರಪ್ಪ" ಅಂದರು. ಯಾರೂ ಮಾತಾಡಲಿಲ್ಲ.

ಹಳಬರಿಗೆ ಗೊತ್ತು. ಸಂಘ ಶುರುವಾದ ಹೊಸದರಲ್ಲಿ ಗೊಬ್ಬರದ ಗೋಡೌನಿಗೆ ಪಾಯ ಹಾಕುವಾಗ ಕಲ್ಲಿಗೆ ದುಡ್ಡಿರಲಿಲ್ಲ. ಕೆರೆ ಪಕ್ಕದ ಕೋಟೆಮಾಳದಲ್ಲಿ ಪಾಳೇಗಾರರ ಕಾಲದ್ದೆನ್ನುವ ಗೋಡೆ ಇತ್ತು. ಅದರ ಕಲ್ಲು ಕಿತ್ತು ತಂದೆವು. ಆಗ ನಾವು ಇಪ್ಪತ್ತರ ಹುಡುಗರು. ನಮ್ಮ ಮನೆಯ ಎತ್ತಿನ ಗಾಡಿಯಲ್ಲೇ ಹನ್ನೊಂದು ಸಲ ಹೇರಿದ್ದು ನೆನಪಿದೆ. ಒಂದು ಕಲ್ಲಿನ ಮೇಲೆ ಅಕ್ಷರ ಇತ್ತು. ಏನು ಬರೆದಿದೆ ಎಂದು ಒಬ್ಬರೂ ಕೇಳಲಿಲ್ಲ. ಅದು ಈಗ ಗೊಬ್ಬರದ ಮೂಟೆಗಳ ಕೆಳಗೆ ಪಾಯದಲ್ಲಿದೆ. ಗೋಡೌನು ಬೇಕಿತ್ತು, ಕಟ್ಟಿದೆವು, ಅದಕ್ಕೆ ನಾಚಿಕೆಯಿಲ್ಲ. ಆ ಒಂದು ಕಲ್ಲಿನ ಬಗ್ಗೆ ಮಾತ್ರ ಇವತ್ತಿಗೂ ಮನಸ್ಸು ಚುಚ್ಚುತ್ತದೆ.

ಕೋಟೆಮಾಳದಲ್ಲಿ ಈಗ ಉಳಿದಿರುವುದು ಒಂದು ಕೊತ್ತಲ, ನಾಲ್ಕು ಮಾರು ಗೋಡೆ. ಕಣದ ಕೆಲಸಕ್ಕೆ, ದನದ ಕೊಟ್ಟಿಗೆಗೆ ಅಂತ ಇನ್ನೂ ಒಂದೊಂದೇ ಕಲ್ಲು ಹೋಗುತ್ತಲೇ ಇದೆ. ಬೇರೆಯವರಿಗೆ ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ, ಹನ್ನೊಂದು ಗಾಡಿ ಹೇರಿದವರು ನಾವು. ಆದರೂ ಸದಸ್ಯರಲ್ಲಿ ಒಂದು ಅರಿಕೆ. ಬರುವ ಸರ್ವಸದಸ್ಯರ ಸಭೆಯಲ್ಲಿ ಆ ಕೊತ್ತಲಕ್ಕೆ ಸುತ್ತ ಬೇಲಿ ಹಾಕಿಸುವ ವಿಷಯ ನಾವು ಮಂಡಿಸುತ್ತೇವೆ. ಖರ್ಚಿನಲ್ಲಿ ನಮ್ಮ ಪಾಲು ಮೊದಲು ಬರೆದುಕೊಳ್ಳಿ.

ಬೆಂಗಳೂರಿನಂಥ ಬೆಂಗಳೂರಿಗೆ ಒಂದು ಬಾಗಿಲಾದರೂ ಉಳಿಯಿತು. ನಮ್ಮೂರ ಮಕ್ಕಳಿಗೆ ಒಂದು ಕೊತ್ತಲವಾದರೂ ಇರಲಿ. ಸಂಘ ಶತಮಾನ ಕಾಣಲಿ ಎಂದು ಹಾರೈಸುತ್ತೇವೆ.