ಗಿಟಾರಿನ ಕಿವಿ ಹಿಂಡಿದಾಗ

ಹೊಸಕೋಟೆ ಅಂದ್ರೆ ನನ್ನ ಆಫೀಸಿನ ಗೆಳೆಯರಿಗೆ ಬೆಳಗಿನ ಜಾವದ ಬಿರಿಯಾನಿ. ಕತ್ತಲಲ್ಲೇ ಎದ್ದು ಕಾರು ಹತ್ತಿ ಬಂದು, ಕ್ಯೂ ನಿಂತು ತಿಂದು, ಫೋಟೋ ಹಾಕಿ ವಾಪಸ್ ಹೋಗುತ್ತಾರೆ. ನನಗೆ ಹೊಸಕೋಟೆ ಅಂದ್ರೆ ಬಸ್ಸು ಬದಲಿಸುವ ಜಾಗ. ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದರೆ ನಮ್ಮೂರು, ನಮ್ಮೂರಲ್ಲಿ ಭಜನೆ ಮನೆ, ಭಜನೆ ಮನೆಯಲ್ಲಿ ಶನಿವಾರ ರಾತ್ರಿ ತಂಬೂರಿ ಹಿಡಿದು ಕೂತ ನಮ್ಮ ತಾತ.

ನಮ್ಮ ಕಡೆ ಕೈವಾರ ತಾತಯ್ಯನ ತತ್ವಪದಗಳೆಂದರೆ ಜನಕ್ಕೆ ಪ್ರಾಣ. ಕೆಲವು ತೆಲುಗು, ಕೆಲವು ಕನ್ನಡ. ಗಡಿ ಸೀಮೆಯವರಿಗೆ ಅದೇನು ದೊಡ್ಡ ವಿಷಯವಲ್ಲ, ಎರಡೂ ಮನೆ ಮಾತೇ. ತಾತನಿಗೆ ಓದು ಬರುವುದಿಲ್ಲ, ಪದಗಳೆಲ್ಲ ಬಾಯಲ್ಲೇ ಇವೆ. ಚಿಕ್ಕವನಿದ್ದಾಗ ನನ್ನ ಕೆಲಸ ತಾಳ ತಟ್ಟುವುದು. ಆಮೇಲೆ ಬಿಇ, ಕೆಲಸ, ವೈಟ್‌ಫೀಲ್ಡ್, ಮೊದಲ ಸಂಬಳದಲ್ಲಿ ಒಂದು ಗಿಟಾರು. ವಿಡಿಯೋ ನೋಡಿ ನಾಲ್ಕಾರು ಕಾರ್ಡ್ ಕಲಿತೆ. ಟೀಮ್ ಔಟಿಂಗ್‌ಗೆ ಅಷ್ಟು ಸಾಕು.

ಎರಡು ವರ್ಷದ ಹಿಂದೆ ಕಾರ್ತಿಕದಲ್ಲಿ ಅದನ್ನು ಊರಿಗೆ ಒಯ್ದೆ. ಭಜನೆಗೆ ಈಗ ಬರುವವರೇ ಐದಾರು ಜನ, ಎಲ್ಲರೂ ಅರವತ್ತು ದಾಟಿದವರು. ಗಿಟಾರ್ ನೋಡಿಯಾದರೂ ಹುಡುಗರು ಬರಲಿ ಅನ್ನೋ ಆಸೆ. ತಾತ ಪದ ಎತ್ತಿದರು, ನಾನು ಕಾರ್ಡ್ ಹಿಡಿದೆ. ಎರಡು ಸಾಲು ಆಗುವಷ್ಟರಲ್ಲಿ ಅವರು ನಿಲ್ಲಿಸಿದರು. ಬೈಯಲಿಲ್ಲ. "ನಿನ್ನ ವಾದ್ಯ ಬಾಳ ಮಾತಾಡ್ತದೆ ಕಣಪ್ಪ. ನಾನು ಹೇಳೋಕೆ ಮುಂಚೇನೆ ಹೇಳಿಬಿಡ್ತದೆ" ಅಂದರು.

ಬೇಜಾರಾಯಿತು. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ವಾದ್ಯ ಮುಂಚೆಯೇ ಹೇಳಿಬಿಡುವುದು ಅಂದ್ರೆ ಏನು?

ಗಿಟಾರಿನ ಆರು ತಂತಿಗಳನ್ನು ಸಾಮಾನ್ಯವಾಗಿ ಇ, ಎ, ಡಿ, ಜಿ, ಬಿ, ಇ ಅಂತ ಶ್ರುತಿ ಮಾಡುತ್ತಾರೆ. ಎಲ್ಲ ಕಾರ್ಡ್‌ಗಳೂ ಒಂದು ಕೈಗೆ ಸಿಗಲಿ, ಯಾವ ಶ್ರುತಿಯಿಂದ ಯಾವ ಶ್ರುತಿಗಾದರೂ ಜಿಗಿಯಲಿ ಅಂತ ಮಾಡಿಕೊಂಡ ಏರ್ಪಾಡು ಅದು. ಇನ್ನು ಕಾರ್ಡ್ ಅಂದ್ರೆ ಏನು? ಮೇಜರ್ ಕಾರ್ಡಿನಲ್ಲಿ ಷಡ್ಜ, ಅಂತರ ಗಾಂಧಾರ, ಪಂಚಮ ಮೂರೂ ಒಟ್ಟಿಗೆ ನುಡಿಯುತ್ತವೆ. ಮೈನರ್ ಕಾರ್ಡಿನಲ್ಲಿ ಗಾಂಧಾರ ಅರ್ಧ ಮನೆ ಕೆಳಗಿಳಿದು ಸಾಧಾರಣ ಗಾಂಧಾರ ಆಗುತ್ತದೆ. ಅಂದ್ರೆ ಹಾಡಿನ ಮುಖ ಯಾವುದು ಅಂತ ತೀರ್ಮಾನ ಮಾಡುವುದೇ ಗಾಂಧಾರ. ತಾತನ ತಂಬೂರಿಯ ತಂತಿಗಳಲ್ಲಿ ಇರುವುದು ಸ, ಪ ಮಾತ್ರ. ಗಾಂಧಾರದ ಜಾಗ ಹಾಡುವವರಿಗೆ ಖಾಲಿ. ನನ್ನ ಗಿಟಾರು ಆ ಖಾಲಿ ಕುರ್ಚಿಯಲ್ಲಿ ಹೋಗಿ ಕೂತಿತ್ತು.

ಇದು ನನಗೊಬ್ಬನಿಗೇ ಬಂದ ತೊಂದರೆಯಲ್ಲ. ಹೊರಗಿನಿಂದ ಬಂದ ಪ್ರತಿ ವಾದ್ಯವೂ ಇಲ್ಲಿ ಇದೇ ಪರೀಕ್ಷೆ ಬರೆದಿದೆ.

ಮೊದಲ ರ‍್ಯಾಂಕ್ ಪಿಟೀಲಿನದು. ಯುರೋಪಿನಲ್ಲಿ ಅದರ ತಂತಿಗಳು ಜಿ, ಡಿ, ಎ, ಇ. ಸುಮಾರು ಇನ್ನೂರು ವರ್ಷದ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನ ಕಡೆ ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ಪಿಟೀಲಿನ ಮರ ಬದಲಾಗಲಿಲ್ಲ, ಕಮಾನು ಬದಲಾಗಲಿಲ್ಲ. ಬದಲಾಗಿದ್ದು ಎರಡೇ. ನಿಂತು ನುಡಿಸುತ್ತಿದ್ದದ್ದನ್ನು ಕೂತು, ತಲೆಯ ಭಾಗವನ್ನು ಪಾದದ ಮೇಲೆ ಇಟ್ಟುಕೊಂಡರು. ಬಿರಡೆ ತಿರುಗಿಸಿ ತಂತಿಗಳನ್ನು ಸ, ಪ, ಸ, ಪ ಮಾಡಿದರು. ಅಷ್ಟೇ. ಇವತ್ತು ಪಿಟೀಲಿಲ್ಲದ ಕಚೇರಿ ಊಹಿಸಿಕೊಳ್ಳಿ ನೋಡೋಣ.

ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದವರು ನಮ್ಮವರೇ, ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯ. ಮೈಕು ಅಪರೂಪವಾಗಿದ್ದ ಕಾಲ. ನಾಲ್ಕು ತಂತಿಯ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಜೋಡಿ ತಂತಿಗಳು ಒಂದು ಸ್ಥಾಯಿ ಅಂತರದಲ್ಲಿ ಒಟ್ಟಿಗೆ ನುಡಿದು ನಾದ ತುಂಬಿಕೊಳ್ಳುತ್ತಿತ್ತು. ಬೆಂಗಳೂರಿನಲ್ಲಿ ನೀವು ನಾಟಕಕ್ಕೋ ಸಂಗೀತಕ್ಕೋ ಹೋಗುವ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿ ಇದೆಯಲ್ಲ, ಅದು ಅವರ ನೆನಪಿಗೇ.

ಫೇಲಾದದ್ದು ಹಾರ್ಮೋನಿಯಂ. ಅದಕ್ಕೆ ಬಿರಡೆಯೇ ಇಲ್ಲ. ಕಾರ್ಖಾನೆಯಲ್ಲಿ ಕೂರಿಸಿದ ಸ್ವರವೇ ಕೊನೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಂತೆಯೂ ಇಲ್ಲ. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ಹೊರಗಿಟ್ಟಿತು. ಬಾಗಿಲು ಮತ್ತೆ ತೆರೆಯಲು ಮೂರು ದಶಕ ಬೇಕಾಯಿತು. ನಮ್ಮ ಭಜನೆ ಮನೆಯವರು ಮಾತ್ರ ಅದನ್ನು ಯಾವತ್ತೂ ಹೊರಗೆ ಹಾಕಲಿಲ್ಲ ಅನ್ನಿ. ಶ್ರುತಿ ಹಿಡಿಯೋಕೆ ಒಂದು ಮನೆ ಒತ್ತಿದರೆ ಅವರಿಗೆ ಸಾಕು.

ಈಗ ಗಿಟಾರಿಗೆ ಬರೋಣ. 1830ರ ದಶಕದಲ್ಲಿ ಹವಾಯಿ ದ್ವೀಪಗಳ ರಾಜ, ಪುಂಡು ಬಿದ್ದಿದ್ದ ದನಗಳನ್ನು ಹತೋಟಿಗೆ ತರಲು ಮೆಕ್ಸಿಕೋ ಕಡೆಯ ದನಗಾಹಿಗಳನ್ನು ಕರೆಸಿದ. ಅವರ ಜೊತೆ ಗಿಟಾರೂ ಬಂತು. ಹವಾಯಿಯವರು ತಂತಿಗಳನ್ನು ಸಡಿಲಿಸಿ ತಮ್ಮ ಹಾಡಿಗೆ ಹೊಂದಿಸಿಕೊಂಡರು. ಆ ಶೈಲಿಯ ಹೆಸರೇ ಸ್ಲ್ಯಾಕ್ ಕೀ, ಅಂದ್ರೆ ಸಡಿಲ ಬಿರಡೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲೇ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡು ಜಾರಿಸಿ ನುಡಿಸುವುದು ಶುರುವಾಯಿತು. ಆ ವಿದ್ಯೆಯನ್ನು ಹೊತ್ತು ದೇಶ ಸುತ್ತಿದ ಟೌ ಮೋಯ್ 1940ರ ದಶಕದಲ್ಲಿ ಕುಟುಂಬದ ಜೊತೆ ಕಲ್ಕತ್ತಾದಲ್ಲಿ ನೆಲೆಸಿದ್ದರು. ಹಳೇ ಹಿಂದಿ ಹಾಡುಗಳಲ್ಲಿ ಕೇಳುವ ಆ ಜಾರುವ ಗಿಟಾರಿನ ಹಿಂದೆ ಹವಾಯಿ ಇದೆ. ಮುಂದೆ ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಿದರು. ವಿಶ್ವಮೋಹನ್ ಭಟ್ ತರಬಿನ ತಂತಿಗಳನ್ನು ಸೇರಿಸಿ ಮೋಹನ ವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿ ಪಡೆದರು.

ಆದರೆ ನನಗೆ ಬೇಕಿದ್ದ ಉತ್ತರ ಸಿಕ್ಕಿದ್ದು ಇಂಗ್ಲೆಂಡಿನ ಡೇವಿ ಗ್ರಹಾಂ ಎಂಬಾತನಲ್ಲಿ. 1960ರ ದಶಕದ ಶುರುವಿನಲ್ಲಿ ಅವನು ಮೊರಾಕೊಗೆ ಹೋಗಿದ್ದ. ಅಲ್ಲಿನ ಊದ್ ವಾದಕರ ಜೊತೆ ನುಡಿಸಲು ಗಿಟಾರ್ ಒಗ್ಗಲಿಲ್ಲ. ನನ್ನದೇ ಕಷ್ಟ! ಅವನು ಮೂರು ತಂತಿಗಳನ್ನು ಒಂದೊಂದು ಸ್ವರ ಇಳಿಸಿದ. ಡಿ, ಎ, ಡಿ, ಜಿ, ಎ, ಡಿ. ಗಿಟಾರಿನವರು ಇದನ್ನು 'ಡ್ಯಾಡ್‌ಗ್ಯಾಡ್' ಅನ್ನುತ್ತಾರೆ.

ಡಿ ಅನ್ನು ಷಡ್ಜ ಅಂದುಕೊಂಡು ಓದಿ: ಸ, ಪ, ಸ, ಮ, ಪ, ಸ. ಗಾಂಧಾರ ಇಲ್ಲ! ಮೇಜರೂ ಅಲ್ಲ, ಮೈನರೂ ಅಲ್ಲ. ನಾಲ್ಕನೇ ತಂತಿಯ ಮೂರನೇ ಮನೆ ಒತ್ತಿದರೆ ಸಾಧಾರಣ ಗಾಂಧಾರ, ನಾಲ್ಕನೇ ಮನೆ ಒತ್ತಿದರೆ ಅಂತರ ಗಾಂಧಾರ. ಒತ್ತದೆ ಬಿಟ್ಟರೆ ಬರೀ ಶ್ರುತಿ. ಹಾಡುವವರು ಯಾವ ಕಡೆ ಹೋಗುತ್ತಾರೆ ಅಂತ ಕಾದು, ಆಮೇಲೆ ಬೆರಳಿಡಬಹುದು. ಮೇಲೆ ಯಾವ ಸ್ವರ ಬಂದರೂ ಕೆಳಗೆ ಸ, ಪ ಮೊಳಗುತ್ತಲೇ ಇರುವುದರಿಂದ, ಮಾಮೂಲಿ ಕಾರ್ಡಿನಲ್ಲಿ ಕೇಳದ ಬೆರಕೆಗಳೆಲ್ಲ ತಾವಾಗೇ ಹುಟ್ಟುತ್ತವೆ.

ಪುಕ್ಕಟೆ ಏನೂ ಸಿಗುವುದಿಲ್ಲ ಬಿಡಿ. ಒಂದೇ ಷಡ್ಜಕ್ಕೆ ಕಟ್ಟಿಹಾಕಿಕೊಂಡ ಹಾಗೆ, ಮಧ್ಯೆ ಶ್ರುತಿ ಬದಲಿಸುವ ಸಿನಿಮಾ ಹಾಡು ನುಡಿಸುವುದು ಕಷ್ಟ. ಕಲಿತ ಕಾರ್ಡ್‌ಗಳನ್ನೆಲ್ಲ ಮರೆತು ಹೊಸದಾಗಿ ಶುರು ಮಾಡಬೇಕು. ಮೋಹನ ರಾಗದ ಛಾಯೆಯ ಪದ ಬಂದರೆ ಅದರಲ್ಲಿ ಮಧ್ಯಮವೇ ಇಲ್ಲ, ಆಗ ಜಿ ತಂತಿಯ ಬಾಯಿ ಮುಚ್ಚಿಸಬೇಕು. ಮೂರು ತಿಂಗಳು ರಾತ್ರಿ ಕೂತು ಇದನ್ನೇ ತಿದ್ದಿಕೊಂಡೆ.

ಮತ್ತೆ ಊರಿಗೆ ಹೋದಾಗ ತಾತ ತಂಬೂರಿ ಮೀಟಿದರು. ಅವರ ಶ್ರುತಿ ಹಾರ್ಮೋನಿಯಂನ ಎರಡನೇ ಬಿಳಿ ಮನೆ, ಅದೇ ಡಿ. ಅದೃಷ್ಟ! ನಾನು ಏನೂ ಒತ್ತದೆ ಸುಮ್ಮನೆ ತಂತಿ ಸವರುತ್ತಾ ಕೂತೆ. ಮೂರು ಪದ ನಿಲ್ಲಿಸದೆ ಹಾಡಿದರು. ಮುಗಿದ ಮೇಲೆ ಹೊಗಳಲಿಲ್ಲ, ತಿರುಗಿಯೂ ನೋಡಲಿಲ್ಲ. "ನೀರು ಕೊಡು" ಅಂದರು. ಭಜನೆ ಮನೆಯಲ್ಲಿ ತಾಳದವನಿಗೆ ಹೇಳುವ ಮಾತು ಅದು.

ಹುಡುಗರೇನೂ ಹಿಂಡು ಹಿಂಡಾಗಿ ಬರಲಿಲ್ಲ. ಇಬ್ಬರು ಬರುತ್ತಿದ್ದಾರೆ.

ತಾತನಿಗೆ ಈಗ ಎಂಬತ್ತನಾಲ್ಕು. ಕಳೆದ ತಿಂಗಳು ಮೇಲಿನ ಷಡ್ಜಕ್ಕೆ ದನಿ ಏರಲಿಲ್ಲ, ಅರ್ಧಕ್ಕೇ ನಿಂತು ಕೆಮ್ಮಿದರು. ಯಾರೂ ಏನೂ ಅನ್ನಲಿಲ್ಲ. ಅವರು ತಂಬೂರಿಯ ಬಿರಡೆಗೆ ಕೈ ಹಾಕಿ ಸ್ವಲ್ಪ ಸಡಿಲಿಸಿದರು. ನಾನೂ ಗಿಟಾರಿನ ಆರೂ ತಂತಿಗಳನ್ನು ಅರ್ಧ ಮನೆ ಇಳಿಸಿಕೊಂಡೆ. ಪದ ಮೊದಲಿಂದ ಶುರುವಾಯಿತು.